ಶಂಕೆಯ ಮೇಲೆ ಹೂಡಿದ ಯುದ್ಧ

ಮುಂದೆ ನಡೆಯಬಹುದಾದ ಭಯೋತ್ಪಾದನೆಯನ್ನು ತಡೆಯಲು ಇಂದೇ ಯುದ್ಧ ಹೂಡುವುದು ನ್ಯಾಯವೇ? ಇರಾಕಿನ ಇತಿಹಾಸವನ್ನು ನೋಡಿ. ಸದ್ದಾಂ ಹುಸೇನ್ ಬಳಿ ಸಮೂಹನಾಶಕ ಅಸ್ತ್ರಗಳಿವೆ, ಅವು ಭಯೋತ್ಪಾದಕರ ಕೈಸೇರಬಹುದು ಎಂದು ಹೇಳಿ ಅಮೆರಿಕ, ಬ್ರಿಟನ್‌ಗಳು 2003ರ ಮಾರ್ಚ್‌ನಲ್ಲಿ ದಾಳಿ ಮಾಡಿದವು. ಆಗ ಹಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ತಪಾಸಣೆ ಇನ್ನೂ ಮುಗಿದಿರಲಿಲ್ಲ. 2004ರಲ್ಲಿ ಅಮೆರಿಕದ ತನಿಖಾ ತಂಡವೇ ಅಂತಹ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ವರದಿ ನೀಡಿತು.

ಸದ್ದಾಂ ಕ್ರೂರ ಸರ್ವಾಧಿಕಾರಿ ಎಂಬುದು ನಿಜ. ಆದರೆ ಯುದ್ಧಾನಂತರದ ಅರಾಜಕತೆಯಲ್ಲಿ ಬೆಳೆದ ಐಸಿಸ್ 2014ರಲ್ಲಿ ಮೋಸುಲ್ ನಗರವನ್ನೇ ವಶಪಡಿಸಿಕೊಂಡಿತು. 2017ರಲ್ಲಿ ಅದನ್ನು ಬಿಡಿಸಿಕೊಳ್ಳಲು ಇರಾಕಿಗಳು ಮತ್ತೆ ರಕ್ತ ಸುರಿಸಬೇಕಾಯಿತು.

ಕಣ್ಣೆದುರಿನ ದಾಳಿಯನ್ನು ಎದುರಿಸುವುದು ಆತ್ಮರಕ್ಷಣೆ. ಬರೀ ಶಂಕೆಯ ಮೇಲೆ ಹೂಡಿದ ಈ ಯುದ್ಧ, ತಾನು ತಡೆಯಹೊರಟ ಭಯವನ್ನೇ ಬಿತ್ತಿತು. ಯುದ್ಧಕ್ಕೆ ಮುನ್ನ ಪುರಾವೆ ಕೇಳುವುದು ಇತಿಹಾಸ ಓದಿದವರ ಹೊಣೆಯಲ್ಲವೇ?