ಬೇಸ್‌ಮೆಂಟ್ ಗೋಡೆ: ಮನೆ ನಕ್ಷೆಯ ತಂತ್ರಾಂಶದಲ್ಲಿ ತಪ್ಪು ಸರಿಪಡಿಸುವುದು ಹೇಗೆ?

ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದಲ್ಲಿ ಮನೆ ಕಟ್ಟುವ ಮುನ್ನ ಕಂಪ್ಯೂಟರಿನಲ್ಲಿ ನಕ್ಷೆ ಹಾಕಿ ನೋಡುವವರು ‘ಸ್ವೀಟ್ ಹೋಮ್ 3ಡಿ’ ಬಳಸಬಹುದು. ಇದು ಉಚಿತವಾಗಿ ಸಿಗುವ ತಂತ್ರಾಂಶ. ಇದರಲ್ಲಿ ಬೇಸ್‌ಮೆಂಟ್ ಗೋಡೆ ಹಾಕುವಾಗ ಆಗುವ ತಪ್ಪುಗಳು, ಅವುಗಳ ಪರಿಹಾರ ಇಲ್ಲಿವೆ.

ಯಾವ ಬೇಸ್‌ಮೆಂಟ್?

ನಮ್ಮ ಗೌಂಡಿ, ಮೇಸ್ತ್ರಿಗಳು ‘ಬೇಸ್‌ಮೆಂಟ್ ಎರಡೂವರೆ ಅಡಿ ಎತ್ತೋಣ’ ಎಂದರೆ ಅದು ನೆಲದ ಮೇಲಿನ ಕಟ್ಟೆ. ತಂತ್ರಾಂಶದ ಭಾಷೆಯಲ್ಲಿ ಬೇಸ್‌ಮೆಂಟ್ ಎಂದರೆ ನೆಲಮಾಳಿಗೆ, ಹಳೇ ಹಗೇವಿನಂತೆ ನೆಲದ ಕೆಳಗಿನದು. ಇವೆರಡನ್ನು ಬೆರೆಸಿದರೆ ಮನೆ ಗಾಳಿಯಲ್ಲಿ ತೇಲುತ್ತದೆ, ಇಲ್ಲವೇ ಮಣ್ಣಿನಲ್ಲಿ ಹೂತುಹೋಗುತ್ತದೆ.

ಕಟ್ಟೆಗೆ: ಎಲಿವೇಷನ್ 0, ಎತ್ತರ 63 ಸೆಂ.ಮೀ. ಇರುವ ಬೇರೆ ಲೆವೆಲ್ ಮಾಡಿ, ಸುತ್ತ 63 ಸೆಂ.ಮೀ. ಎತ್ತರದ ಗೋಡೆ ಎಳೆಯಿರಿ. ಮನೆಯ ಲೆವೆಲ್‌ಗೆ ಎಲಿವೇಷನ್ 75, ನೆಲದ ದಪ್ಪ 12 ಕೊಡಿ. 63 ಮತ್ತು 12 ಕೂಡಿ 75, ಅಂದರೆ ಸುಮಾರು ಎರಡೂವರೆ ಅಡಿ.

ನೆಲಮಾಳಿಗೆಗೆ: ‘ಪ್ಲಾನ್’ ಮೆನುವಿನಲ್ಲಿ ‘ಆಡ್ ಲೆವೆಲ್’ ಒತ್ತಿ. ಹೊಸ ಲೆವೆಲ್‌ನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಲಿವೇಷನ್ -262, ಎತ್ತರ 250 ಬರೆಯಿರಿ. ಉಳಿದ 12 ಸೆಂ.ಮೀ. ಮೇಲಿನ ನೆಲದ ದಪ್ಪ. ಈ ಲೆಕ್ಕ ತಪ್ಪಿದರೆ ಗೋಡೆಗೂ ಮೇಲಿನ ನೆಲಕ್ಕೂ ನಡುವೆ ಸಂದು ಕಾಣುತ್ತದೆ.

ಸಾಮಾನ್ಯ ತೊಂದರೆಗಳು

* ಗೋಡೆ ಕಾಣುತ್ತಿಲ್ಲ: ಮೇಲಿನಿಂದ ನೋಡಿದರೆ ನೆಲ ಮುಚ್ಚಿಕೊಂಡಿರುತ್ತದೆ, ಇದು ತಪ್ಪಲ್ಲ. ‘3ಡಿ ವ್ಯೂ’ ಮೆನುವಿನಲ್ಲಿ ಆಯ್ದ ಲೆವೆಲ್ ಮಾತ್ರ ತೋರಿಸುವ ಆಯ್ಕೆ ಒತ್ತಿ.
* ಮೂಲೆ ಕೂಡಿಲ್ಲ: ರೂಮ್ ಸಾಧನ ಹಿಡಿದು ಗೋಡೆಗಳ ನಡುವೆ ಎರಡು ಸಲ ಕ್ಲಿಕ್ ಮಾಡಿ. ಕೋಣೆ ಮೂಡದಿದ್ದರೆ ಎಲ್ಲೋ ಸಂದು ಉಳಿದಿದೆ. ಗೋಡೆಯ ತುದಿಗಳನ್ನು ಎಳೆದು ಕೂಡಿಸಿ.
* ಮೆಟ್ಟಿಲು ನೆಲಕ್ಕೆ ತಾಗಿ ನಿಂತಿದೆ: ಮೆಟ್ಟಿಲನ್ನು ನೆಲಮಾಳಿಗೆಯ ಲೆವೆಲ್‌ನಲ್ಲೇ ಇಟ್ಟು ಎತ್ತರ 262 ಕೊಡಿ. ಮೇಲಿನ ನೆಲದಲ್ಲಿ ದಾರಿ ತಾನಾಗಿ ತೆರೆಯುತ್ತದೆ.
* ಗೋಡೆ ತೆಳ್ಳಗಿದೆ: ತಂತ್ರಾಂಶ ತಾನಾಗಿ ಕೊಡುವ ದಪ್ಪ 7.5 ಸೆಂ.ಮೀ., ಅಂದರೆ ಮೂರು ಅಂಗುಲ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗೇ 23 ಸೆಂ.ಮೀ. ಬೇಕು. ದಪ್ಪ ಬದಲಿಸದೆ ಕೋಣೆಯ ಅಳತೆ ಹಾಕಿದರೆ ಕಟ್ಟುವಾಗ ಒಳಗಿನ ಜಾಗ ಕಡಿಮೆ ಬೀಳುತ್ತದೆ.

ತಂತ್ರಾಂಶ ಹೇಳದ ಮಾತು

ಪರದೆಯ ಮೇಲೆ ಗೋಡೆ ನೆಟ್ಟಗೆ ನಿಂತಿತೆಂದು ಮಣ್ಣಿನಲ್ಲೂ ನಿಲ್ಲುತ್ತದೆಂದಲ್ಲ. ಈ ತಂತ್ರಾಂಶ ಮಣ್ಣಿನ ಒತ್ತಡದ ಲೆಕ್ಕ ಹಾಕುವುದಿಲ್ಲ. ಎರೆ ಮಣ್ಣು, ಅಂದರೆ ತೆಲುಗಿನ ನಲ್ಲ ರೇಗಡಿ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಉಬ್ಬಿದಾಗ ಗೋಡೆಯನ್ನು ಪಕ್ಕದಿಂದ ಒತ್ತುತ್ತದೆ. ನದಿ, ಕೆರೆ, ಕಾಲುವೆ ಹತ್ತಿರವಿದ್ದರೆ ಜಿನುಗು ನೀರಿನ ಒತ್ತಡವೂ ಸೇರುತ್ತದೆ. 2009ರ ಅಕ್ಟೋಬರ್‌ನಲ್ಲಿ ಆಲಂಪುರ, ಕರ್ನೂಲಿಗೆ ನೀರು ನುಗ್ಗಿದ್ದನ್ನು ನದಿ ತೀರದವರು ಮರೆತಿಲ್ಲ.

ಆದ್ದರಿಂದ ನಕ್ಷೆಯನ್ನು ಅಳತೆ ಮತ್ತು ಜಾಗದ ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಗೋಡೆಯ ದಪ್ಪ, ಕಬ್ಬಿಣ, ನೀರು ಹೊರಹೋಗುವ ದಾರಿ ಇವನ್ನು ಮಣ್ಣು ನೋಡಿದ ಇಂಜಿನಿಯರ್ ಹೇಳಬೇಕು. ಅಗೆಯುವ ಮುನ್ನವೇ ಕೇಳಿ. ಕಟ್ಟಿದ ಮೇಲೆ ಈ ಗೋಡೆಯನ್ನು ಮೌಸ್ ಹಿಡಿದು ಸರಿಸಲಾಗದು.