ಗ್ರಾಮಾಫೋನ್ ತಟ್ಟೆಯ ಜಾತಕ

ನಮ್ಮ ಸೋಡರ್‌ಟೆಲ್ಯೆಯ ಲೊಪ್ಪಿಸ್‌ಗೆ, ಅಂದರೆ ಹಳೇ ಸಾಮಾನಿನ ಸಂತೆಗೆ, ಹೋಗಿಬರುವ ಸದಸ್ಯ ಬಂಧುಗಳೆಲ್ಲರೂ ಈ ದೃಶ್ಯ ನೋಡಿರುತ್ತೀರಿ. ಒಂದು ಮೂಲೆಯಲ್ಲಿ ರೆಕಾರ್ಡುಗಳ ಪೆಟ್ಟಿಗೆ, ಅದರ ಮೇಲೆ ಬಗ್ಗಿ ನಿಂತ ಒಬ್ಬಿಬ್ಬರು ಗಂಡಸರು. ಹೊದಿಕೆಯ ಚಿತ್ರದ ಮೇಲೆ ಅವರಿಗೆ ಅಷ್ಟೇನೂ ಆಸಕ್ತಿಯಿಲ್ಲ. ತಟ್ಟೆಯನ್ನು ಹೊರಗೆಳೆದು, ಬೆಳಕಿಗೆ ಓರೆಯಾಗಿ ಹಿಡಿದು, ಕೊನೆಯ ಹಾಡಿಗೂ ನಡುವಿನ ಲೇಬಲ್ಲಿಗೂ ಮಧ್ಯೆ ಇರುವ ಖಾಲಿ ಪಟ್ಟಿಯನ್ನು ದಿಟ್ಟಿಸುತ್ತಾರೆ, ನಾವು ವೈದ್ಯರು ಎಕ್ಸ್‌ರೇ ಹಿಡಿದು ನೋಡುವ ಹಾಗೆ. ಬೀಟಲ್ಸ್, ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಪೆಲಿನ್ ಮುಂತಾದವರ ತಟ್ಟೆಗಳಲ್ಲಿ ಐದು ಕ್ರೋನಾರ್ ಬೆಲೆಯದು ಯಾವುದು, ಐದು ಸಾವಿರದ್ದು ಯಾವುದು ಎಂಬುದು ಬಹುಪಾಲು ತೀರ್ಮಾನವಾಗುವುದು ಆ ಬೆರಳಗಲದ ಜಾಗದಲ್ಲಿ.

ಈ ಗುರುತಿನ ಕಥೆಯ ಮೊದಲ ಅಧ್ಯಾಯಕ್ಕೆ ನಮ್ಮ ಮೈಸೂರಿನ ನಂಟಿದೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಠುಮ್ರಿಯೂ ಒಂದೇ, ಖಯಾಲೂ ಒಂದೇ. ಯಾರ ಹಾಡಿಗೆ ಯಾರ ಲೇಬಲ್ ಅಂಟಿಸಬೇಕೆಂದು ತಿಳಿಯಲಿ ಎಂದು ಆಕೆ ಹಾಡಿನ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಸಾರಿ ಹೇಳುತ್ತಿದ್ದರು. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮುಂದೆ ಆ ಕೆಲಸವನ್ನು ಅಂಕಿಗಳು ವಹಿಸಿಕೊಂಡವು. ತಟ್ಟೆ ತಯಾರಿಸುವ ಕ್ರಮವನ್ನು ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಹೋಲಿಸಬಹುದು. ಮೊದಲು ಮೆತ್ತನೆಯ ಲ್ಯಾಕರ್ ತಟ್ಟೆಯ ಮೇಲೆ ಹಾಡಿನ ಗೆರೆ ಕೊರೆಯುತ್ತಾರೆ. ಅದರಿಂದ ಲೋಹದಲ್ಲಿ ಒಂದು ಪಡಿಯಚ್ಚು. ಅದಕ್ಕೆ ‘ತಂದೆ’ ಎಂದು ಹೆಸರು. ತಂದೆಯಿಂದ ‘ತಾಯಿ’, ತಾಯಿಯಿಂದ ಒತ್ತುವ ಅಚ್ಚುಗಳು. ಒಂದೊಂದು ಅಚ್ಚಿನಿಂದ ಕೆಲವು ನೂರರಿಂದ ಒಂದೆರಡು ಸಾವಿರ ತಟ್ಟೆಗಳನ್ನು ಒತ್ತಬಹುದು. ಹೊಸ ಅಚ್ಚಿನ ಸಕ್ಕರೆ ಆನೆಗೆ ಸೊಂಡಿಲು ಸ್ಪಷ್ಟವಾಗಿರುತ್ತದೆ, ಸವೆದ ಅಚ್ಚಿನದರಲ್ಲಿ ಅದು ಆನೆಯೋ ಎಮ್ಮೆಯೋ ಹೇಳುವುದು ಕಷ್ಟ. ಇಲ್ಲೂ ಹಾಗೆಯೇ. ಅದಕ್ಕೇ ಮೊದಲ ಅಚ್ಚಿನ ತಟ್ಟೆಗೆ ಅಷ್ಟು ಬೇಡಿಕೆ.

ಇಂಗ್ಲೆಂಡಿನ ಇ.ಎಂ.ಐ. ಕಂಪನಿಯವರು ಈ ವಂಶಾವಳಿಯನ್ನು ಖಾಲಿ ಪಟ್ಟಿಯಲ್ಲೇ ಬರೆದಿಡುತ್ತಿದ್ದರು. ಗಡಿಯಾರದ ಆರರ ಜಾಗದಲ್ಲಿ ಮೂಲ ಕೊರೆತದ ಸಂಖ್ಯೆ, ಒಂಬತ್ತರ ಜಾಗದಲ್ಲಿ ತಾಯಿಯ ಸಂಖ್ಯೆ, ಮೂರರ ಜಾಗದಲ್ಲಿ ಅಚ್ಚಿನ ಸಂಖ್ಯೆ. ಈ ಕೊನೆಯದನ್ನು ಅಂಕಿಯಲ್ಲಿ ಬರೆಯದೆ ‘ಗ್ರಾಮೋಫ್ ಲಿಮಿಟೆಡ್’ ಎಂಬುದರ ಇಂಗ್ಲಿಷ್ ಅಕ್ಷರಗಳಲ್ಲಿ ಗುಟ್ಟಾಗಿ ಬರೆದರು. ಜಿ ಅಂದರೆ 1, ಆರ್ ಅಂದರೆ 2, ಎ ಅಂದರೆ 3, ಹೀಗೆ ಸಾಗಿ ಕೊನೆಯ ಡಿ ಅಂದರೆ ಸೊನ್ನೆ. ‘ಆರ್‌ಜಿ’ ಎಂದಿದ್ದರೆ 21ನೆಯ ಅಚ್ಚು. ಅಮೆರಿಕದಲ್ಲಿ ಇಷ್ಟು ಶಿಸ್ತಿರಲಿಲ್ಲ. ಅಲ್ಲಿ ಕೆಲವು ಸಲ ಕೊರೆದವರ ಸಹಿಯೇ ಸಾಕ್ಷಿ. ಲೆಡ್ ಜೆಪ್ಪೆಲಿನ್ನರ ಎರಡನೆಯ ಆಲ್ಬಮ್ (1969) ಅನ್ನು ಮೊದಲು ಕೊರೆದವರು ಬಾಬ್ ಲಡ್ವಿಗ್. ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಾರುತ್ತದೆಂದು ಕಂಪನಿ ಅದನ್ನು ಬದಿಗಿಟ್ಟು ಬೇರೆ ಕೊರೆಸಿತು. ‘ಆರ್‌ಎಲ್’ ಎಂಬ ಎರಡಕ್ಷರ ಇರುವ ತಟ್ಟೆಗೆ ಈಗ ಮುಗಿಬೀಳುತ್ತಾರೆ.

ಲೇಬಲ್ಲನ್ನೂ ನೋಡಬೇಕು, ಆದರೆ ಪೂರ್ತಿ ನಂಬಬಾರದು. ಅದರಲ್ಲಿ ಅಚ್ಚಾದ ಇಸವಿ ಹಾಡು ಮೊದಲು ಹೊರಬಂದದ್ದು. ಇಪ್ಪತ್ತು ವರ್ಷದ ಮೇಲೆ ಮತ್ತೆ ಒತ್ತಿದರೂ ಅದೇ ಇಸವಿ ಇರುತ್ತದೆ. ಅದರ ಬದಲು ಲೇಬಲ್ಲಿನ ಅಂಚಿನ ಸಣ್ಣಕ್ಷರ ಓದಿ. ಬ್ರಿಟಿಷ್ ತಟ್ಟೆಯ ಅಂಚಿನಲ್ಲಿ ಕಂಪನಿಯ ಹೆಸರು ‘ಇ.ಎಂ.ಐ. ರೆಕಾರ್ಡ್ಸ್’ ಎಂದಿದ್ದರೆ ಒಳಗೆ 1967 ಎಂದಿದ್ದರೂ ಅದು 1973ಕ್ಕಿಂತ ಮೊದಲಿನದಲ್ಲ. ಬೀಟಲ್ಸರ ಮೊದಲ ಆಲ್ಬಮ್ ‘ಪ್ಲೀಸ್ ಪ್ಲೀಸ್ ಮಿ’ 1963ರ ಮಾರ್ಚಿನಲ್ಲಿ ಕಪ್ಪು ಲೇಬಲ್ಲಿನ ಮೇಲೆ ಚಿನ್ನದ ಅಕ್ಷರಗಳೊಂದಿಗೆ ಬಂತು. ಸ್ವಲ್ಪ ದಿನಕ್ಕೇ ಅಕ್ಷರ ಹಳದಿಯಾಯಿತು. ಸ್ಟೀರಿಯೋ ತಟ್ಟೆ ಏಪ್ರಿಲ್ ಕೊನೆಗೆ ಬಂದದ್ದರಿಂದ ಅದರಲ್ಲಿ ಚಿನ್ನದಕ್ಷರ ಸಿಕ್ಕವು ತೀರ ಕಡಿಮೆ. ಈಗ ಅದಕ್ಕೆ ಕೇಳಿದಷ್ಟು ಬೆಲೆ.

ಅದೇ 1963ರ ಅಕ್ಟೋಬರಿನಲ್ಲಿ ಆ ನಾಲ್ವರು ಸ್ವೀಡನ್ನಿಗೆ ಬಂದು, ಸ್ಟಾಕ್‌ಹೋಮಿನಲ್ಲಿ ಹಾಡಿ, 29ರಂದು ನಮ್ಮ ಪಕ್ಕದ ಎಸ್ಕಿಲ್‌ಸ್ಟೂನಾದಲ್ಲಿ ಪ್ರವಾಸ ಮುಗಿಸಿದರು. ಹೀಗಾಗಿ ಇಲ್ಲಿನ ಅಟ್ಟಗಳಲ್ಲಿ ಆ ಕಾಲದ ತಟ್ಟೆಗಳು ಈಗಲೂ ಸಿಗುತ್ತವೆ. ಲೇಬಲ್ಲಿನಲ್ಲಿ ‘ಎನ್‌ಸಿಬಿ’ ಎಂಬ ಮೂರಕ್ಷರವಿದ್ದರೆ ಅದು ನಾರ್ಡಿಕ್ ದೇಶಗಳ ಮಾರಾಟಕ್ಕೆಂದು ಮಾಡಿದ್ದು. ಅದು ಇಲ್ಲಿನ ಹಕ್ಕುಸ್ವಾಮ್ಯ ಸಂಸ್ಥೆಯ ಗುರುತು. ಅಂದಹಾಗೆ ತಟ್ಟೆ ಒತ್ತುವ ಯಂತ್ರಗಳನ್ನೇ ತಯಾರಿಸಿ ಹೊರದೇಶಗಳಿಗೆ ಮಾರುತ್ತಿದ್ದ ಟೂಲೆಕ್ಸ್ ಆಲ್ಫಾ ಕಂಪನಿ ಇದ್ದದ್ದೂ ಇಲ್ಲೇ, ಸುಂಡ್‌ಬಿಬೆರಿಯಲ್ಲಿ.

ಈಗ ನಮ್ಮ ದೇಶದ ವಿಷಯ. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಇದಕ್ಕಾಗಿ. ಎಚ್‌ಎಂವಿ ನಾಯಿಯ ಕಂಪನಿ 1908ರಿಂದ ಕಲ್ಕತ್ತೆಯ ಸಿಯಾಲ್ದಾದಲ್ಲಿ, 1920ರ ದಶಕದ ಕೊನೆಯಿಂದ ಡಮ್‌ಡಮ್‌ನಲ್ಲಿ ತಟ್ಟೆ ಒತ್ತುತ್ತಿತ್ತು. 78ರ ವೇಗದ ತಟ್ಟೆಗೆ ಬೇಕಾದ ಅರಗು ನಮ್ಮಲ್ಲೇ ಬೆಳೆಯುವಂಥದು. ಪಾಂಡವರ ಅರಗಿನ ಮನೆಯ ಅದೇ ಅರಗು. ಇಂಗ್ಲೆಂಡಿನಲ್ಲಿ 78ರ ತಟ್ಟೆ 1960ರ ಸುಮಾರಿಗೆ ನಿಂತುಹೋಯಿತು. ನಮ್ಮ ಎಷ್ಟೋ ಊರುಗಳಲ್ಲಿ ಕರೆಂಟೇ ಇರಲಿಲ್ಲ, ಎಷ್ಟೋ ಮನೆಗಳಲ್ಲಿ ಇದ್ದದ್ದು ಕೀಲಿ ಕೊಡುವ ಪೆಟ್ಟಿಗೆಗಳು. ಆದ್ದರಿಂದ ಡಮ್‌ಡಮ್‌ನವರು 1960ರ ದಶಕದ ಮಧ್ಯದವರೆಗೂ ಬೀಟಲ್ಸರ ಹಾಡನ್ನು ಸಹ ಕಾಳಿಂಗರಾಯರ ಹಾಡಿನಂತೆಯೇ 78ರ ತಟ್ಟೆಯಲ್ಲಿ ಒತ್ತಿದರು. ಬೀಟಲ್ಸ್ ಹುಟ್ಟಿದ ದೇಶದಲ್ಲೇ ಅಂಥ ತಟ್ಟೆ ಆಗಲಿಲ್ಲ. ನಮ್ಮ ಚಿಕ್ಕಪ್ಪಂದಿರ ಕಾಲದಲ್ಲಿ ‘ಲಂಡನ್ ಪ್ಲೇಟು’ ಇದ್ದವನಿಗೆ ಗತ್ತು, ‘ಕಲ್ಕತ್ತಾ ಪ್ಲೇಟು’ ಇದ್ದವನಿಗೆ ಸಂಕೋಚ. ಇವತ್ತು ಲಂಡನ್ನಿನವರೇ ಆ ಕಲ್ಕತ್ತಾ ಪ್ಲೇಟನ್ನು ಹುಡುಕುತ್ತಿದ್ದಾರೆ.

ನಮ್ಮ ಸದಸ್ಯ ಕುಟುಂಬವೊಂದು ಇತ್ತೀಚೆಗೆ ಮಲ್ಲೇಶ್ವರದ ತಂದೆಯ ಮನೆ ಖಾಲಿ ಮಾಡಿತು. ಎರಡು ಟ್ರಂಕು ರೆಕಾರ್ಡನ್ನು ಗುಜರಿಯವನು ತೂಕಕ್ಕೆ ಕೇಳಿದನಂತೆ. ಮನೆಯ ಹಿರಿಮಗಳು ಒಪ್ಪದೆ, ಒಂದೊಂದರ ಫೋಟೋ ತೆಗೆದು ನನಗೆ ಕಳಿಸಿದರು. ಅದರಲ್ಲಿ ನಾಟಕದ ಹಾಡು, ಹರಿಕಥೆ, ದಾಸರ ಪದಗಳ ನಡುವೆ ಪಾರ್ಲೊಫೋನ್ ಲೇಬಲ್ಲಿನ ಒಂದು 78 ಇತ್ತು. ಅದನ್ನು ಇಲ್ಲಿಗೆ ತಂದಿದ್ದಾರೆ. ಆದರೆ ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರಿದ್ದು ಆ ನಾಟಕದ ಹಾಡುಗಳು. ಬೀಟಲ್ಸರ ಮೂಲ ಟೇಪುಗಳನ್ನು ಕಾಪಾಡಲು ಲಂಡನ್ನಿನಲ್ಲಿ ಜನರಿದ್ದಾರೆ. ಕಂಪನಿ ನಾಟಕದವರ ಎಷ್ಟೋ ದನಿಗಳಿಗೆ ಅರಗಿನ ತಟ್ಟೆ ಬಿಟ್ಟರೆ ಬೇರೆ ಆಸರೆಯಿಲ್ಲ.

ಊರಲ್ಲಿ ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಟ್ರಂಕು ಇದ್ದರೆ, 78ರ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ನೆಟ್ಟಗೆ ನಿಲ್ಲಿಸಿಡಲು ಹೇಳಿ. ಸ್ಪಿರಿಟ್ಟಿನಿಂದ ಒರೆಸುವುದು ಖಂಡಿತ ಬೇಡ, ಅರಗು ಅದರಲ್ಲಿ ಕರಗುತ್ತದೆ. ಲೇಬಲ್ಲು ಮತ್ತು ಖಾಲಿ ಪಟ್ಟಿ ಎರಡೂ ಕಾಣುವಂತೆ, ದೀಪವನ್ನು ಓರೆಯಾಗಿಟ್ಟು ಫೋಟೋ ತೆಗೆಸಿ. ಸಂಘದ ಯುಗಾದಿ ಕೂಟಕ್ಕೆ ತಂದರೆ ನನ್ನ ಭೂತಗನ್ನಡಿಯೊಂದಿಗೆ ನಾನಿರುತ್ತೇನೆ. ಫೀಸು ಒಂದು ಹೋಳಿಗೆ.