ಸೊನ್ನೆಗೆ ಎರಡು ಅರ್ಥ

ಭಂಕೂರ, ಶಹಾಬಾದ್, ವಾಡಿ ಸುತ್ತಲಿನ ನೆಲದಡಿ ಸುಣ್ಣದ ಕಲ್ಲಿನ ಪದರಗಳಿವೆ. ಮನೆಗೆ ಹಾಸುವ ಫರಸಿ ಸಿಗುವುದೂ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿನಿಂದಲೇ. ಸಿಮೆಂಟ್ ಗೂಡಿಗೆ ಸಾಮಾನ್ಯ ಉರುವಲು ನುಣ್ಣಗೆ ಅರೆದ ಕಲ್ಲಿದ್ದಲು. ಸಂಗ್ರಹಿಸಿಟ್ಟ ಈ ಪುಡಿ ಒಳಗೊಳಗೇ ಹೊಗೆಯಾಡಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅಂಥ ಕಡೆ ಇಳಿಯುವವರ ಬಳಿ ಅಂಗೈಯಗಲದ ಅನಿಲ ಶೋಧಕ ಇರಲೇಬೇಕು. ಅದರ ಪರದೆ 0 ಎಂದು ತೋರಿಸಿದರೆ ಅನಿಲವಿಲ್ಲ ಎಂದೋ, ಶೋಧಕವೇ ಕೆಟ್ಟಿದೆ ಎಂದೋ?

ಹಿಂದಿನ ಗಣಿಗಳಲ್ಲಿ ಈ ಪ್ರಶ್ನೆ ಇಷ್ಟು ಕಠಿಣವಾಗಿರಲಿಲ್ಲ. 1815ರಲ್ಲಿ ಹಂಫ್ರಿ ಡೇವಿ ರೂಪಿಸಿದ ದೀಪದಲ್ಲಿ ಜ್ವಾಲೆಯ ಸುತ್ತ ತಂತಿಬಲೆ ಇತ್ತು. ಬಲೆ ಶಾಖವನ್ನು ಹೀರಿಕೊಳ್ಳುತ್ತಿದ್ದುದರಿಂದ ಹೊರಗಿನ ಮೀಥೇನ್ ಹೊತ್ತಿಕೊಳ್ಳುತ್ತಿರಲಿಲ್ಲ. ಮೀಥೇನ್ ಇದ್ದರೆ ಜ್ವಾಲೆಯ ಮೇಲೆ ನೀಲಿ ಟೊಪ್ಪಿಗೆ ಕಾಣುತ್ತಿತ್ತು. ಆದರೆ ಕಾರ್ಬನ್ ಮಾನಾಕ್ಸೈಡಿನ ಸುಳಿವನ್ನು ದೀಪ ಕೊಡದು. 1890ರ ದಶಕದಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಇದಕ್ಕೆ ಸಣ್ಣ ಪ್ರಾಣಿಗಳನ್ನು ಸೂಚಿಸಿದರು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗೆ ವಿದಾಯ ಹೇಳುವ ನಿರ್ಧಾರವಾದದ್ದು 1986ರಲ್ಲಿ. ಹಕ್ಕಿಯ ಪಾಲಿಗೆ ಅದು ಕ್ರೂರ ಉಪಾಯ, ನಿಜ. ಆದರೂ ಉರಿಯುವ ದೀಪ, ಚಿಲಿಪಿಲಿಗುಟ್ಟುವ ಹಕ್ಕಿ ಎರಡೂ ಸುಸ್ಥಿತಿಯಲ್ಲಿವೆ ಎಂಬುದು ನೋಡಿದೊಡನೆ ತಿಳಿಯುತ್ತಿತ್ತು.

1920ರ ದಶಕದಲ್ಲಿ ಅಮೆರಿಕದ ಆಲಿವರ್ ಜಾನ್ಸನ್ ವೇಗವರ್ಧಕ ಬಳಸುವ ಶೋಧಕ ರಚಿಸಿದರು. ಮುಂದೆ ಬಂದ ಪೆಲಿಸ್ಟರ್‌ನ ತತ್ತ್ವವೂ ಅದೇ. ಪ್ಲಾಟಿನಂ ಸುರುಳಿಯನ್ನು ಒಳಗೊಂಡ ಪುಟ್ಟ ಮಣಿಯ ಮೇಲೆ ಮೀಥೇನ್ ಜ್ವಾಲೆಯಿಲ್ಲದೆ ಉರಿಯುತ್ತದೆ. ಸುರುಳಿ ಬಿಸಿಯೇರಿ ಅದರ ರೋಧ ಹೆಚ್ಚುತ್ತದೆ, ವೀಟ್‌ಸ್ಟನ್ ಸೇತುವೆಯ ಸಮತೋಲ ತಪ್ಪುತ್ತದೆ. ಪಿಯುಸಿ ಪ್ರಯೋಗಶಾಲೆಯ ಅದೇ ಸೇತುವೆ! ಇನ್ನು ಸಿಲಿಕೋನ್ ಆವಿ ಮಣಿಗೆ ಅಂಟಿ ವೇಗವರ್ಧಕ ನಿಷ್ಕ್ರಿಯವಾಯಿತೆನ್ನಿ. ಮೀಥೇನ್ ಉರಿಯುವುದಿಲ್ಲ, ಸೇತುವೆ ಸಮತೋಲದಲ್ಲೇ ಇರುತ್ತದೆ, ಪರದೆಯ ಮೇಲೆ 0. ಬ್ಯಾಟರಿ ಭರ್ತಿ, ದೀಪ ಹಸಿರು.

ಆದ್ದರಿಂದಲೇ ಪ್ರತಿದಿನ ಬಳಸುವ ಮುನ್ನ ಪ್ರಮಾಣ ಗೊತ್ತಿರುವ ಅನಿಲವನ್ನು ಶೋಧಕಕ್ಕೆ ಹಾಯಿಸಿ ನೋಡಬೇಕು. ಇದಕ್ಕೆ ಬಂಪ್ ಟೆಸ್ಟ್ ಎಂದು ಹೆಸರು. ಮೀಥೇನ್ ಸ್ಫೋಟಿಸಲು ಗಾಳಿಯಲ್ಲಿ ಕನಿಷ್ಠ ಶೇಕಡ 5ರಷ್ಟು ಇರಬೇಕು. ಹಾಗಾಗಿ ಶೇ. 2.5ರ ಮಿಶ್ರಣಕ್ಕೆ ಪರದೆ 50ರ ಆಸುಪಾಸು ತೋರಿಸಬೇಕು. ತೋರಿಸದಿದ್ದರೆ ಅಳತೆ ಸರಿಹೊಂದಿಸಬೇಕು, ಅಂದರೆ ಕ್ಯಾಲಿಬ್ರೇಷನ್. ಆಗಲೂ ಹೊಂದದಿದ್ದರೆ ಸಂವೇದಕ ಬದಲಿಸಬೇಕು. ಪರೀಕ್ಷೆ ಸರಿಬಂದರೂ ತಯಾರಕರು ಹೇಳಿದ ಅವಧಿಗೊಮ್ಮೆ ಕ್ಯಾಲಿಬ್ರೇಷನ್ ತಪ್ಪಿಸುವಂತಿಲ್ಲ. ಪೆಲಿಸ್ಟರ್‌ಗೆ ಮೀಥೇನ್ ಗಾಳಿಯೊಡನೆ ಬೆರೆತಿರಬೇಕು. ಬರೀ ನೈಟ್ರೋಜನ್ನಿನಲ್ಲಿ ಬೆರೆತಿದ್ದರೆ ಮಣಿಯ ಮೇಲೆ ಉರಿಯಲು ಆಮ್ಲಜನಕವೆಲ್ಲಿ? ಸಿಗರೇಟ್ ಲೈಟರಿನ ಅನಿಲ ಬಿಟ್ಟು ಪರೀಕ್ಷಿಸುವುದೂ ಉಂಟು. ಅದರ ಸಾಂದ್ರತೆ ಯಾರಿಗೂ ತಿಳಿಯದು, ಸಂವೇದಕವೂ ಹಾಳಾದೀತು.

ಈ ಕೆಲಸವನ್ನು ಗಾಳಿಯಾಡುವ ಜಾಗದಲ್ಲಿ, ಕಿಡಿ ಬೆಂಕಿಗಳಿಂದ ದೂರ, ಅವಧಿ ಮೀರದ ಸಿಲಿಂಡರಿನಿಂದ ಮಾಡಬೇಕು. ಸೊನ್ನೆ ಹೊಂದಿಸುವಾಗಲಂತೂ ಗಾಳಿ ಶುದ್ಧವೇ ಇರಬೇಕು. ಗೂಡಿನ ಬಳಿ ಗಾಳಿಯಲ್ಲಿ 20 ಪಿಪಿಎಂ ಕಾರ್ಬನ್ ಮಾನಾಕ್ಸೈಡ್ ಇದ್ದು, ಅಲ್ಲೇ ಸೊನ್ನೆ ಹೊಂದಿಸಿದರೆ, ನಿಜವಾಗಿ 50 ಪಿಪಿಎಂ ಇದ್ದಾಗ ಆ ಶೋಧಕ ತೋರಿಸುವುದು 30 ಮಾತ್ರ. ಎಚ್ಚರಿಕೆಯ ಗಂಟೆಯನ್ನು 35ಕ್ಕೆ ಇಟ್ಟಿದ್ದರೆ ಅದು ಬಾರಿಸುವುದೇ ಇಲ್ಲ.